ಕಾಲು ಸೋತವರ ಬಚ್ಚಲುಮನೆ



ನಮ್ಮ ಜನರು ಮನೆ ಕಟ್ಟಿಸುವಾಗ ದೇವರ ಕೋಣೆಯನ್ನು ಕುರಿತು ಆಲೋಚಿಸುವರು, ಅಡಿಗೆಮನೆಯ ದಿಕ್ಕನ್ನು ಕುರಿತು ಬಲ್ಲವರನ್ನು ಕೇಳುವರು; ಬಚ್ಚಲಿಗೆ ಮಾತ್ರ ಉಳಿದ ಮೂಲೆಯೇ ಗತಿ. ಮನೆಯ ಹಿರಿಯರ ಮೊಣಕಾಲು ಸೋತ ದಿನ, ಅಥವಾ ಪಾರ್ಶ್ವವಾಯುವಿನಿಂದ ಒಂದು ಕೈಕಾಲು ಸ್ವಾಧೀನ ತಪ್ಪಿದ ದಿನ, ಆ ಮೂಲೆಯೇ ಮನೆಗೆಲ್ಲ ಅಪಾಯದ ಸ್ಥಳವಾಗುವುದು. ನುಣುಪಾದ ಕಲ್ಲು, ಸೀಗೆಯ ಜಿಡ್ಡು, ಕುದಿಯುವ ಹಂಡೆ, ಮಂದವಾದ ಬೆಳಕು, ಎಲ್ಲವೂ ಅಲ್ಲಿ ಒಂದೆಡೆ ಸೇರಿರುವುವು.

ಕೊಳ್ಳೇಗಾಲದಲ್ಲಿ ಗುಣಿಮಗ್ಗದ ಮುಂದೆ ಕುಳಿತು ರೇಷ್ಮೆ ನೆಯ್ದ ಹಿರಿಯರುಂಟು. ಹನೂರಿನ ಕಡೆ ಗುಡ್ಡ ಹತ್ತಿಳಿದು ಸೌದೆ ಹೊತ್ತವರುಂಟು. ಯಳಂದೂರಿನ ಗದ್ದೆಗಳಲ್ಲಿ ಬಾಗಿ ನಾಟಿ ಹಾಕಿದವರುಂಟು. ಇವರಿಗೆ ಮುಪ್ಪಿನಲ್ಲಿ ನೆಲದಿಂದೇಳುವುದೇ ಮಹತ್ಕಾರ್ಯ. ಸ್ನಾನಕ್ಕೆ ಇನ್ನೊಬ್ಬರ ಕೈ ಬೇಕಾದಾಗ ಅವರು ನೋವಿಗಿಂತ ನಾಚಿಕೆಗೆ ಹೆಚ್ಚು ಕುಗ್ಗುವರು. ಸೊಸೆಯ ಎದುರಿಗೆ ಮೈಬಿಚ್ಚಲಾರದೆ ವಾರಗಟ್ಟಲೆ ಒದ್ದೆಬಟ್ಟೆಯಿಂದ ಮೈಯೊರಸಿಕೊಂಡೇ ಕಾಲ ತಳ್ಳುವ ಮಾವಂದಿರನ್ನು ನಾವು ಬಲ್ಲೆವು. ಆದಕಾರಣ ಬಚ್ಚಲನ್ನು ಆರಿಸುವಾಗ 'ಇಲ್ಲಿ ಇವರಿಗೆ ಸ್ನಾನ ಮಾಡಿಸಬಹುದೆ' ಎಂದು ಕೇಳಿದರೆ ಸಾಲದು. 'ಇವರೇ ಮಾಡಿಕೊಳ್ಳಬಹುದೆ' ಎಂದು ಕೇಳತಕ್ಕದ್ದು.

ಅನುಕೂಲಸ್ಥರು ಕೆಲವರು ಪಾಶ್ಚಾತ್ಯರ ಸ್ನಾನದ ತೊಟ್ಟಿಯನ್ನು ತರಿಸಲು ಮನಸ್ಸು ಮಾಡುವುದುಂಟು. ಅದರ ಅಂಚು ಸುಮಾರು ಒಂದೂವರೆ ಅಡಿ ಎತ್ತರ. ಹೊಸ್ತಿಲನ್ನೇ ದಾಟಲಾರದವರು ಅದನ್ನು ದಾಟುವ ಬಗೆ ಹೇಗೆ? ಪಕ್ಕದಲ್ಲಿ ಬಾಗಿಲುಳ್ಳ ತೊಟ್ಟಿಗಳೂ ಇವೆ, ನಿಜ. ಆದರೆ ಒಳಗೆ ಕುಳಿತು ಬಾಗಿಲು ಮುಚ್ಚಿದ ಮೇಲೆಯೇ ನೀರು ತುಂಬಿಸಬೇಕು, ನೀರೆಲ್ಲ ಬಸಿದ ಮೇಲೆಯೇ ಬಾಗಿಲು ತೆರೆಯಬೇಕು. ಅಷ್ಟು ಹೊತ್ತೂ ಮುದುಕರು ನಡುಗುತ್ತ ಕುಳಿತಿರಬೇಕು. ಅದಕ್ಕೆ ಹಿಡಿಯುವ 150 ಲೀಟರಿಗೂ ಮೇಲ್ಪಟ್ಟ ನೀರಿನಲ್ಲಿ ನಮ್ಮ ಕಡೆ ಒಂದು ಸಂಸಾರವೇ ಮಿಂದೀತು.

ಮಣೆಯ ಮೇಲೆ ಕುಳಿತು ಚೊಂಬಿನಿಂದ ನೀರು ಹುಯ್ದುಕೊಳ್ಳುವ ನಮ್ಮ ಪದ್ಧತಿಯೇ ಇದಕ್ಕಿಂತ ಮೇಲು. ಕೊರತೆಯಿರುವುದು ಮಣೆಯ ಎತ್ತರದಲ್ಲಿ. ಅದನ್ನು 45ರಿಂದ 48 ಸೆಂಟಿಮೀಟರಿಗೆ ಏರಿಸಿದರೆ ಮೊಣಕಾಲು ಪೂರ್ತಿ ಮಡಿಸದೆ ಕುಳಿತೇಳಬಹುದು. ದಾಟುವುದಕ್ಕೆ ಶತ್ರುವಾದ ಒಂದೂವರೆ ಅಡಿಯೇ ಕೂರುವುದಕ್ಕೆ ಮಿತ್ರ! ಇಟ್ಟಿಗೆಯ ಕಟ್ಟೆಯಾದರೆ ಉತ್ತಮ. ಮದುವೆಮನೆಯ ಪ್ಲಾಸ್ಟಿಕ್ ಕುರ್ಚಿ ಒದ್ದೆನೆಲದಲ್ಲಿ ಕಾಲು ಜಾರುವುದರಿಂದ ಬೇಡ. ನೀರಿನ ಬಕೆಟ್ಟೂ ಅದೇ ಎತ್ತರದಲ್ಲಿರಲಿ. ಕೆಳಗಿನ ಬಕೆಟ್ಟಿಗೆ ಬಾಗಿಯೇ ಮುಗ್ಗರಿಸುವವರು ಉಂಟು.

ಹಿಡಿಗಂಬಿಯನ್ನು ಬಲವಿರುವ ಕೈಯ ಕಡೆಗೆ, ಗೋಡೆಯೊಳಕ್ಕೆ ಭದ್ರವಾಗಿ ಇಳಿಸಬೇಕು. ಟವಲು ಹಾಕುವ ಕೋಲು ಮನುಷ್ಯನ ಭಾರಕ್ಕೆ ಮಾಡಿದ್ದಲ್ಲ. ಮಣ್ಣಿನ ಗೋಡೆಯಾದರೆ, ಅಥವಾ ಹನೂರಿನ ಕಡೆಯ ಹಳ್ಳಿಗಳಲ್ಲಿರುವಂತೆ ಹಿತ್ತಲಿನ ತಡಿಕೆಯ ಮರೆಯಾದರೆ, ನೆಲದಲ್ಲಿ ಒಂದು ಗೂಟವನ್ನು ಆಳವಾಗಿ ಹೂಳಬಹುದು. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲಿಗೆ, ಬಿದ್ದವರ ದೇಹವೇ ಅಗುಳಿಯಾಗುವುದು. ಬಚ್ಚಲ ಹೊಸ್ತಿಲನ್ನು ತೆಗೆಯಿಸಲು ಕೆಲವರು ಅಳುಕುವರು. ನಾವು ಅರಿಸಿನ ಕುಂಕುಮವಿಟ್ಟು ಪೂಜಿಸುವುದು ತಲೆಬಾಗಿಲ ಹೊಸ್ತಿಲನ್ನು. ಬಚ್ಚಲಲ್ಲಿರುವುದು ನೀರು ತಡೆಯುವ ದಿಂಡು ಮಾತ್ರ, ನೆಲಕ್ಕೆ ಇಳಿಜಾರು ಕೊಟ್ಟರೆ ಅದರ ಕೆಲಸ ಮುಗಿಯಿತು. ಗಾಲಿಕುರ್ಚಿ ಒಳಗೇ ತಿರುಗಬೇಕಾದರೆ ಒಂದೂವರೆ ಮೀಟರು ಅಗಲದ ಬರಿನೆಲ ಬೇಕು.

ಬಿಸಿನೀರಿನ ವಿಷಯದಲ್ಲಿ ಉಪೇಕ್ಷೆ ಕೂಡದು. 60 ಡಿಗ್ರಿ ಸೆಲ್ಸಿಯಸ್ಸಿನ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುವುದು. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರಿಗೆ ಸುಟ್ಟದ್ದೇ ತಿಳಿಯದು. ತಣ್ಣೀರನ್ನು ಮೊದಲು ಹಾಕಿ ಆಮೇಲೆ ಬಿಸಿನೀರನ್ನು ಬೆರಸಿ, ಸ್ಪರ್ಶ ಸರಿಯಿರುವ ಮೊಣಕೈಯಿಂದ ಮುಟ್ಟಿ ನೋಡುವುದು ಕ್ಷೇಮ.

ಅಂಗವೈಕಲ್ಯವುಳ್ಳವರ ಹಕ್ಕುಗಳನ್ನು ಕುರಿತ 2016ರ ಕಾನೂನು ಸಾರ್ವಜನಿಕ ಸ್ಥಳಗಳು ಇವರಿಗೆ ಸುಗಮವಾಗಿರಬೇಕೆಂದು ವಿಧಿಸಿದೆ. ಮಲೆ ಮಹದೇಶ್ವರ ಬೆಟ್ಟದ ಅಂತರಗಂಗೆಯಲ್ಲಿ ಮೀಯಬೇಕೆಂಬ ಆಸೆ, ನೀರಿಗಿಳಿಯಲಾರದ ಭಕ್ತರಿಗೂ ಇರುವುದಷ್ಟೆ. ಅಂಥವರಿಗೆ ಅದೇ ನೀರು ಸಮನೆಲದ ಕಟ್ಟೆಯೊಂದರ ಮೇಲೆ ದೊರೆಯಬೇಕೆಂಬುದು ನಮ್ಮ ಅಭಿಪ್ರಾಯ.

ಇನ್ನು, ಗಾರೆಯವರನ್ನು ಕರೆಸುವ ಮುನ್ನ ಒಂದು ಕೆಲಸವುಂಟು. ಇಟ್ಟಿಗೆಗಳನ್ನು ಅಲುಗದಂತೆ ಜೋಡಿಸಿ, ಹಿರಿಯರನ್ನು ಒಣಬಟ್ಟೆಯಲ್ಲಿಯೇ ಅದರ ಮೇಲೆ ಕುಳ್ಳಿರಿಸಿ, ಪಕ್ಕದಲ್ಲಿ ನಿಂತು, ಏಳುವಂತೆ ಹೇಳಿರಿ. ಅವರ ಕೈ ತಾನಾಗಿ ಗೋಡೆಯನ್ನು ಎಲ್ಲಿ ಹುಡುಕುವುದೋ ಅಲ್ಲಿ ಇದ್ದಿಲಿನಿಂದ ಗುರುತು ಹಾಕಿರಿ. ಕಂಬಿ ಬರಬೇಕಾದದ್ದು ಅಲ್ಲಿಗೆ.