ನಮ್ಮ ವರದಿ ಮನೆಯವರ ಮುಂದೆ ನಿಲ್ಲುತ್ತದೆಯೇ?

(ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪುತ್ತೂರು, ಸುಳ್ಯ, ಕಡಬದ ನಮ್ಮ ಶಾಲೆಗಳಲ್ಲಿ ಅನೇಕ ಮಕ್ಕಳ ಮನೆಮಾತು ಬ್ಯಾರಿ, ಓದುವ ಭಾಷೆ ಕನ್ನಡ. ಕೆಲವು ವರ್ಷಗಳ ಹಿಂದೆ ನಾನೊಂದು ಕ್ರಿಯಾ ಸಂಶೋಧನೆ ಮಾಡಿದೆ. ಎಂಟನೇ ತರಗತಿಯ ಹುಡುಗರು ಶಾಲೆ ತಪ್ಪಿಸುವುದೇಕೆ ಎಂಬುದು ಪ್ರಶ್ನೆ. ಕೆಲವು ಮನೆಗಳಿಗೆ ಹೋಗಿ ಬಂದು ‘ಅಡಿಕೆ ಕೊಯ್ಲು, ಪೋಷಕರ ನಿರ್ಲಕ್ಷ್ಯ’ ಎಂದು ಬರೆದೆ. ಅದನ್ನು ಒಬ್ಬ ತಾಯಿಗೆ ಓದಿ ಹೇಳಿದಾಗ ಅವರು ಬ್ಯಾರಿಯಲ್ಲಿ ಹೇಳಿದರು: “ಮಾಷ್ಟ್ರೇ, ಅವನಿಗೆ ಕಲಿಯುವ ಮನಸ್ಸುಂಟು. ತಪ್ಪು ಓದಿದರೆ ಮಕ್ಕಳೆಲ್ಲ ನಗುತ್ತಾರಂತೆ. ನೀವೂ ನಗುತ್ತೀರಂತೆ.”

ನನ್ನ ವರದಿಯಲ್ಲಿ ನಾನೇ ಇರಲಿಲ್ಲ!

ಜನರು ತಮ್ಮ ಅನುಭವದಿಂದ ಅರ್ಥವನ್ನು ಕಟ್ಟಿಕೊಳ್ಳುತ್ತಾರೆ ಎಂಬುದು ರಚನಾವಾದ. ಹಾಗೆಂದು ಹೇಳಿದ್ದೆಲ್ಲ ಸಂಶೋಧನೆಯಾಗದು. ಇಂಥ ಗುಣಾತ್ಮಕ ಸಂಶೋಧನೆಯನ್ನು ತೂಗಲು 1985ರಲ್ಲಿ ಲಿಂಕನ್ ಮತ್ತು ಗೂಬಾ ನಾಲ್ಕು ಅಳತೆಗೋಲು ಕೊಟ್ಟರು. ಒಂದು, ನಂಬಿಕೆ: ಮತ್ತೆ ಮತ್ತೆ ಹೋಗಿದ್ದೀರಾ? ಬರೆದದ್ದನ್ನು ಹೇಳಿದವರಿಗೆ ತೋರಿಸಿದ್ದೀರಾ? ಎರಡು, ಅನ್ವಯ: ಸುಳ್ಯದ ಶಿಕ್ಷಕರು ಓದಿ ‘ಇದು ನಮ್ಮ ಶಾಲೆಗೆ ಹೊಂದುತ್ತದೆ’ ಎಂದು ತೀರ್ಮಾನಿಸುವಷ್ಟು ವಿವರ ಇದೆಯೇ? ಮೂರು, ಸ್ಥಿರತೆ: ವಿಧಾನ ಬದಲಾದಾಗ ಅದಕ್ಕೆ ಕಾರಣ ಬರೆದಿಟ್ಟಿದ್ದೀರಾ? ನಾಲ್ಕು, ದೃಢೀಕರಣ: ತೀರ್ಮಾನ ಮಾಹಿತಿಯಿಂದ ಬಂತೇ, ನಿಮ್ಮ ಮನಸ್ಸಿನಿಂದಲೇ?

ಮೈಸೂರಿನ ಎಂ.ಎನ್. ಶ್ರೀನಿವಾಸ್ ಈ ಪಂಥದವರಲ್ಲ, ಆದರೂ ಅವರಿಂದ ಕಲಿಯಲಿಕ್ಕಿದೆ. ರಾಂಪುರ ಎಂದು ಅವರು ಕರೆದ ಹಳ್ಳಿಯಲ್ಲಿ 1948ರಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಅದರ ಸಿದ್ಧ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೆಂಕಿಯಲ್ಲಿ ಸುಟ್ಟುಹೋದವು. ನೆನಪನ್ನೇ ನಂಬಿ ಬರೆದ ಪುಸ್ತಕ 1976ರಲ್ಲಿ ಬಂತು. ಅದನ್ನು ಹೇಗೆ ಬರೆದೆನೆಂದು ಅವರು ಮುಚ್ಚಿಡಲಿಲ್ಲ. ಆದ್ದರಿಂದಲೇ ಓದುಗರು ಅದನ್ನು ತೂಗಿ ನೋಡಬಹುದು.

ಮೊದಲ ನಾಲ್ಕು ಗೋಲುಗಳು ಹಳೆಯ ಅಂಕಿಸಂಖ್ಯೆಯ ಅಳತೆಗಳ ನೆರಳು ಎಂದು ಕಂಡು, 1989ರಲ್ಲಿ ಅದೇ ಲೇಖಕರು ಇನ್ನಷ್ಟು ಕೇಳಿದರು: ಎಲ್ಲರ ಮಾತಿಗೂ ನ್ಯಾಯ ಸಿಕ್ಕಿತೇ? ಪಾಲ್ಗೊಂಡವರ ತಿಳಿವಳಿಕೆ ಬೆಳೆಯಿತೇ? ಏನಾದರೂ ಮಾಡಲು ಅವರಿಗೆ ಬಲ ಬಂತೇ?

ಒಂದು ಎಚ್ಚರಿಕೆ. ಮಾಷ್ಟ್ರ ಮೇಲಿನ ಗೌರವದಿಂದ ‘ಹೌದು’ ಎನ್ನುವವರೂ ಇದ್ದಾರೆ. ಆದ್ದರಿಂದ ತಾಯಿಯನ್ನು ಕೇಳಿದಂತೆ ಮಗನನ್ನೂ ಕೇಳಬೇಕು.

ನಾನು ವರದಿಯನ್ನು ತಿದ್ದಿದೆ. ಪಾಠವನ್ನು ಮೊದಲು ಬ್ಯಾರಿಯಲ್ಲಿ ಹೇಳಿ, ಬಳಿಕ ಕನ್ನಡದಲ್ಲಿ ಓದಲು ಬಿಟ್ಟೆ. ಆ ಹುಡುಗ ಮರಳಿ ಬಂದ. ಎಲ್ಲರೂ ಬರಲಿಲ್ಲ, ಅದನ್ನೂ ವರದಿಯಲ್ಲಿ ಬರೆದಿದ್ದೇನೆ.

ಮಿತ್ರರೇ, ಮುಂದಿನ ವರದಿಯನ್ನು ಕಚೇರಿಗೆ ಕಳುಹಿಸುವ ಮೊದಲು ಒಮ್ಮೆ ಆ ಮನೆಯ ಜಗಲಿಯಲ್ಲಿ ಓದಿ ಎಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.