ಕೂತಲ್ಲಿ ಕೂರದ ಮಗು: ಮನೆಯಲ್ಲಿ ನಾವು ಮಾಡಬಹುದಾದದ್ದು

(ಗುಡವಿಯಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಗದ್ದೆ ಕೆಲಸ ಬಿಟ್ಟು ಬಂದಿದ್ದೀರಿ, ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇವೆ. ನಾವು ಸಂಘಗಳ ಸಭೆಗೆ ಹೋದಾಗ ಉಳಿತಾಯ, ಸಾಲ, ಮರುಪಾವತಿ ಎಲ್ಲಾ ಮುಗಿದು ಚಾಪೆ ಸುತ್ತುವ ಹೊತ್ತಿಗೆ ಯಾರಾದರೊಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳುತ್ತಾರೆ: "ನಮ್ಮ ಹುಡುಗ ಕೂತಲ್ಲಿ ಕೂರಲ್ಲ. ಹೇಳಿದ್ದು ಕಿವಿಗೇ ಹಾಕ್ಕೊಳಲ್ಲ. ಹೊಡೆದೂ ಹೊಡೆದೂ ಸಾಕಾಯ್ತು. ಏನ್ ಮಾಡೋದು?" ಇದನ್ನು ಸಭೆಯ ಮಧ್ಯೆ ಕೇಳಲು ಯಾರಿಗೂ ಧೈರ್ಯವಿಲ್ಲ. ಯಾಕೆಂದರೆ ಕೇಳಿದ ಕೂಡಲೇ "ತಾಯಿ ಸರಿಯಾಗಿ ಬುದ್ಧಿ ಕಲಿಸಿಲ್ಲ" ಎನ್ನುವ ಮಾತು ಬರುತ್ತದೆ. ಆದ್ದರಿಂದ ಇವತ್ತು ಎಲ್ಲರ ಎದುರಿಗೇ ಇದನ್ನು ಮಾತಾಡೋಣ.

ಮಕ್ಕಳು ಓಡುವುದು, ಕುಣಿಯುವುದು, ಮರ ಹತ್ತುವುದು ಕಾಯಿಲೆ ಅಲ್ಲ. ಆದರೆ ಕೆಲವು ಮಕ್ಕಳಿಗೆ ಒಂದೇ ಕಡೆ ಗಮನ ಇಡುವುದು, ತಡೆದುಕೊಳ್ಳುವುದು, ತನ್ನ ಸರದಿಗೆ ಕಾಯುವುದು ಅದೇ ವಯಸ್ಸಿನ ಬೇರೆ ಮಕ್ಕಳಿಗಿಂತ ತುಂಬಾ ಕಷ್ಟವಾಗುತ್ತದೆ. ಡಾಕ್ಟರರು ಇದಕ್ಕೆ ಎ.ಡಿ.ಎಚ್.ಡಿ. ಎನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ. ಪ್ರಪಂಚದಲ್ಲಿ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇದೆ ಎಂದು ಅಂದಾಜು. "ಇದೆಲ್ಲಾ ಮೊಬೈಲ್ ಬಂದ ಮೇಲಿನ ರೋಗ" ಎಂದು ನೀವು ಹೇಳಬಹುದು. ಆದರೆ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ಡಾಕ್ಟರು ಇಂಥ ಮಕ್ಕಳ ಬಗ್ಗೆ 1902ರಲ್ಲೇ ಉಪನ್ಯಾಸ ಕೊಟ್ಟಿದ್ದರು. ಆಗ ಮೊಬೈಲ್ ಎಲ್ಲಿತ್ತು? ಇದು ಹೆಚ್ಚಾಗಿ ವಂಶದಲ್ಲಿ ಬರುವಂಥದ್ದು. ಎಷ್ಟೋ ಮನೆಯಲ್ಲಿ ಅಪ್ಪನೇ "ನಾನೂ ಸಣ್ಣವನಿದ್ದಾಗ ಹಿಂಗೇ ಇದ್ದೆ" ಎನ್ನುತ್ತಾನೆ. ಅವನು ಹೇಳುವುದು ನಿಜವೇ ಇರಬಹುದು. ತಾಯಿಯ ತಪ್ಪಿನಿಂದ ಬರುವುದಲ್ಲ, ಸಕ್ಕರೆ ತಿಂದರೆ ಬರುವುದಲ್ಲ, ಯಾರ ಕಣ್ಣು ಬಿದ್ದೂ ಅಲ್ಲ.

ಇನ್ನೊಂದು ಅನುಮಾನ. ಮೂರನೇ ಕ್ಲಾಸಿನ ಹುಡುಗ ಎಂದಿಟ್ಟುಕೊಳ್ಳಿ. ಮಳೆಗಾಲದಲ್ಲಿ ನಮ್ಮ ಗುಡವಿ ಕೆರೆಯ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟಿದಾಗ ಅರ್ಧ ಗಂಟೆ ಅಲುಗಾಡದೆ ನೋಡುತ್ತಾನೆ. ಟಿ.ವಿ. ಮುಂದೆಯೂ ಕೂರುತ್ತಾನೆ. ಆದರೆ ಮಗ್ಗಿ ಬರೆಯಲು ಕೂರಿಸಿದರೆ ಐದು ನಿಮಿಷಕ್ಕೆ ಎದ್ದ. "ಅಲ್ಲಿ ಕೂರೋನು ಇಲ್ಲಿ ಯಾಕೆ ಕೂರಲ್ಲ? ಬರೀ ನಾಟಕ" ಎನ್ನುತ್ತೇವೆ. ನಾಟಕ ಅಲ್ಲ. ಅಲ್ಲಿ ಕ್ಷಣಕ್ಷಣಕ್ಕೂ ಏನಾದರೂ ಹೊಸದು ನಡೆಯುತ್ತಿರುತ್ತದೆ, ಅದೇ ಅವನನ್ನು ಹಿಡಿದಿಡುತ್ತದೆ. ಬೇಸರದ ಕೆಲಸದಲ್ಲಿ ತನ್ನನ್ನು ತಾನೇ ಹಿಡಿದಿಟ್ಟುಕೊಳ್ಳುವ ಶಕ್ತಿ ಅವನಿಗೆ ಕಮ್ಮಿ. ಮುಂದೆ ಹೇಳುವ ಚಿಕಿತ್ಸೆಯೆಲ್ಲ ಇದೇ ಒಂದು ಮಾತಿನ ಮೇಲೆ ನಿಂತಿದೆ, ಆದ್ದರಿಂದ ಇದನ್ನು ಮರೆಯಬೇಡಿ.

ಹೆಣ್ಣುಮಕ್ಕಳ ವಿಷಯ ಬೇರೆ. ಅವರು ಹೆಚ್ಚಾಗಿ ಓಡಾಡಿ ಗಲಾಟೆ ಮಾಡುವುದಿಲ್ಲ. ಕೂತಿರುತ್ತಾರೆ, ಮನಸ್ಸು ಎಲ್ಲೋ ಇರುತ್ತದೆ. ಪೆನ್ಸಿಲ್ ಕಳೆಯುತ್ತಾರೆ, ಒಲೆ ಮೇಲೆ ಹಾಲಿಟ್ಟು ಮರೆಯುತ್ತಾರೆ. ನಾವು "ಮರೆಗುಳಿ" ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ. ಗಲಾಟೆ ಮಾಡದ ಕಾರಣ ಅವರನ್ನು ಯಾರೂ ಡಾಕ್ಟರ ಹತ್ತಿರ ಕರೆದೊಯ್ಯುವುದಿಲ್ಲ.

ಹಾಗಂತ ಇವತ್ತು ಮನೆಗೆ ಹೋಗಿ ನೀವೇ "ನನ್ನ ಮಗನಿಗೆ ಎ.ಡಿ.ಎಚ್.ಡಿ." ಎಂದು ತೀರ್ಮಾನ ಮಾಡಬೇಡಿ. ಅದು ಡಾಕ್ಟರ ಕೆಲಸ. ಈ ಲಕ್ಷಣಗಳು 12 ವರ್ಷದೊಳಗೇ ಶುರುವಾಗಿರಬೇಕು, ಆರು ತಿಂಗಳಾದರೂ ಇರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಕಾಣಬೇಕು. ಕಿವಿ ಸರಿಯಾಗಿ ಕೇಳದ ಮಗು, ಬೋರ್ಡು ಕಾಣದ ಮಗು, ಅಕ್ಷರ ಹಿಡಿಯಲಾಗದ ಮಗು ಸಹ ಇದೇ ರೀತಿ ಚಡಪಡಿಸುತ್ತದೆ. ಅಪ್ಪ ರಾತ್ರಿ ಕುಡಿದು ಬಂದು ಜಗಳ ಮಾಡುವ ಮನೆಯಲ್ಲಿ ಮಗು ನಿದ್ದೆಗೆಟ್ಟು, ಹೆದರಿ, ಕ್ಲಾಸಿನಲ್ಲಿ ಕಿಟಕಿ ನೋಡುತ್ತಾ ಕೂತರೆ ಆಗ ನೋಡಬೇಕಾದ್ದು ಮೊದಲು ಆ ಮನೆಯನ್ನು.

ಇನ್ನು ಚಿಕಿತ್ಸೆ. ವರ್ತನಾ ಚಿಕಿತ್ಸೆ ಎಂದರೆ ಮಗುವನ್ನು ಮಂಚದ ಮೇಲೆ ಮಲಗಿಸಿ ಏನೋ ಮಾಡುತ್ತಾರೆ ಎಂದು ಕೆಲವರು ತಿಳಿದಿದ್ದಾರೆ. ಸಣ್ಣ ಮಕ್ಕಳ ವಿಷಯದಲ್ಲಿ ತರಬೇತಿ ಮುಖ್ಯವಾಗಿ ದೊಡ್ಡವರಿಗೆ. ಮಗುವಿನ ಜೊತೆ ದಿನವಿಡೀ ಇರುವವರು ಯಾರು? ಡಾಕ್ಟರ್ ತಿಂಗಳಿಗೆ ಅರ್ಧ ಗಂಟೆ ನೋಡುತ್ತಾರೆ, ಅಷ್ಟೆ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ಮಗುವನ್ನು ಸೇರಿಸಿಕೊಂಡರೆ ತಾಯಿಯನ್ನೋ ತಂದೆಯನ್ನೋ ಜೊತೆಗೇ ಇರಿಸಿಕೊಳ್ಳುವುದು ಇದಕ್ಕೇ. ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರೆಗಿಂತ ಮೊದಲು ಹೆತ್ತವರ ತರಬೇತಿಯೇ ಆಗಬೇಕು ಎಂದು ತಜ್ಞರು ಹೇಳುತ್ತಾರೆ.

ಮೊದಲನೆಯದು, ಹೇಳುವ ರೀತಿ. ಅಡುಗೆ ಮನೆಯಿಂದ ಕೂಗುತ್ತೇವೆ: "ಏ, ಕೈಕಾಲ್ ತೊಳ್ಕೊಂಡು ಯೂನಿಫಾರಂ ಬಿಚ್ಚಿಟ್ಟು ಚಾ ಕುಡ್ದು ಹೋಂವರ್ಕ್ ತೆಗಿ!" ಇದು ನಾಲ್ಕು ಕೆಲಸ. ಈ ಮಗುವಿನ ತಲೆಯಲ್ಲಿ ಉಳಿಯುವುದು ಒಂದು, ಅದೂ ಉಳಿದರೆ. ರೊಟ್ಟಿ ಬಡಿಯುವುದು ಬಿಟ್ಟು ಎದ್ದು ಬನ್ನಿ. ಹತ್ತಿರ ಹೋಗಿ, ಹೆಗಲ ಮೇಲೆ ಕೈ ಇಡಿ, ಮುಖ ನೋಡಿ, ಒಂದೇ ಕೆಲಸ ಹೇಳಿ: "ಕೈಕಾಲು ತೊಳೆದು ಬಾ." "ತೊಳಿತೀಯೇನೋ?" ಎಂದು ಕೇಳಬೇಡಿ. ಕೇಳಿದರೆ "ಇಲ್ಲ" ಎನ್ನಲು ಅವನಿಗೆ ದಾರಿ ಕೊಟ್ಟ ಹಾಗೆ. ತೊಳೆದು ಬಂದ ಕೂಡಲೇ "ಒಂದೇ ಸಲಕ್ಕೆ ಹೋಗಿ ತೊಳೆದೆಯಲ್ಲ, ಭೇಷ್" ಎನ್ನಿ. ಆಮೇಲೆ ಎರಡನೇ ಕೆಲಸ.

ಈ ಹೊಗಳಿಕೆ ಬಗ್ಗೆ ನಮ್ಮ ಕಡೆ ಒಂದು ಭಯ ಇದೆ: ಹೊಗಳಿದರೆ ಮಕ್ಕಳು ತಲೆ ಮೇಲೆ ಕೂರುತ್ತವೆ ಎಂದು. ಈ ಮಕ್ಕಳು ಬೆಳಿಗ್ಗೆಯಿಂದ ಸಂಜೆವರೆಗೆ ಕೇಳುವುದು ಏನು? "ಸುಮ್ನಿರು, ಮುಟ್ಬೇಡ, ನಿನ್ನ ತಂಗಿ ನೋಡಿ ಕಲಿ." ದಿನಕ್ಕೆ ಒಂದು ಒಳ್ಳೆ ಮಾತು ಬೀಳುವುದೂ ಕಷ್ಟ. ತಪ್ಪು ಮಾಡಿದಾಗ ಮಾತ್ರ ಅಮ್ಮ ತಿರುಗಿ ನೋಡುತ್ತಾಳೆ ಎಂದು ಗೊತ್ತಾದರೆ ಮಗು ಆ ದಾರಿಯನ್ನೇ ಹಿಡಿಯುತ್ತದೆ. ಹೊಗಳುವಾಗ ಬರೀ "ಜಾಣ" ಎಂದರೆ ಸಾಲದು, ಏನು ಮಾಡಿದ್ದಕ್ಕೆ ಎಂದು ಹೇಳಬೇಕು, ತಕ್ಷಣ ಹೇಳಬೇಕು.

ಎರಡನೆಯದು, ಪಾಸ್‌ಬುಕ್. ಇದು ನಿಮಗೆ ಗೊತ್ತಿರುವ ವಿದ್ಯೆ. ಮಗುವಿಗೊಂದು ಸಣ್ಣ ಪುಸ್ತಕ ಮಾಡಿ. ಮೂರೇ ಕೆಲಸ ಬರೆಯಿರಿ: ಶಾಲೆ ಚೀಲ ಜಾಗದಲ್ಲಿ ಇಡುವುದು, ಹತ್ತು ನಿಮಿಷ ಕೂತು ಬರೆಯುವುದು, ತಂಗಿಗೆ ಹೊಡೆಯದಿರುವುದು. ಮಾಡಿದಾಗಲೆಲ್ಲ ಅಲ್ಲೇ ಒಂದು ಗೀಟು ಹಾಕಿ. ಇಷ್ಟು ಗೀಟಿಗೆ ಇಂಥದ್ದು ಎಂದು ಮೊದಲೇ ಒಪ್ಪಂದ ಆಗಿರಲಿ. ದುಡ್ಡು ಬೇಡ, ಅಂಗಡಿ ತಿಂಡಿಯೂ ಬೇಡ. ಅಪ್ಪನ ಜೊತೆ ಬೈಕಿನಲ್ಲಿ ಒಂದು ಸುತ್ತು, ರಾತ್ರಿ ಅಡುಗೆ ಏನೆಂದು ಅವನೇ ಹೇಳುವುದು, ಅಜ್ಜಿಯಿಂದ ಒಂದು ಕಥೆ, ಇಂಥವು ಸಾಕು. ಮೊದಮೊದಲು ಆ ದಿನದ ಬಹುಮಾನ ಆ ದಿನವೇ ಸಿಗಬೇಕು. "ಪರೀಕ್ಷೆಯಲ್ಲಿ ಪಾಸಾದರೆ ಸೈಕಲ್" ಎನ್ನುವುದು ಈ ಮಗುವಿಗೆ ಕೆಲಸಕ್ಕೆ ಬಾರದು, ಅಷ್ಟು ದೂರ ಅದು ನೋಡಲಾರದು. ಶುರುವಿನಲ್ಲಿ, ತಪ್ಪು ಮಾಡಿದ ಎಂದು ಹಾಕಿದ ಗೀಟನ್ನು ಅಳಿಸಬೇಡಿ. ಒಂದು ವಾರ ಸಭೆಗೆ ಬರಲಿಲ್ಲ ಎಂದು ನೀವು ಹಿಂದೆ ಕಟ್ಟಿದ ಉಳಿತಾಯವನ್ನೆಲ್ಲ ಸಂಘ ನುಂಗಿದರೆ ಮುಂದಿನ ವಾರ ನೀವು ಬರುತ್ತೀರಾ?

ಮೂರನೆಯದು, ಹಠ. ಇದು ಕಷ್ಟದ ಭಾಗ. ಮಗು ಮೊಬೈಲ್ ಬೇಕು ಎಂದು ಅಳುತ್ತದೆ. ಒಂಬತ್ತು ಸಲ ಇಲ್ಲ ಎಂದು ಹತ್ತನೇ ಸಲಕ್ಕೆ ಕೊಟ್ಟರೆ, ಹತ್ತು ಸಲ ಅತ್ತರೆ ಸಿಗುತ್ತದೆ ಎಂದು ನಾವೇ ಕಲಿಸಿದ ಹಾಗೆ. ಯಾರಿಗೂ ಪೆಟ್ಟಾಗದ ಹಠವಾದರೆ ಆ ಕಡೆ ನೋಡದೆ ನಿಮ್ಮ ಕೆಲಸ ಮಾಡಿ. ಸುಮ್ಮನಾದ ಗಳಿಗೆಗೆ ಮಾತಾಡಿಸಿ. ಮೊದಲ ಕೆಲವು ದಿನ ಹಠ ಜಾಸ್ತಿಯೇ ಆಗುತ್ತದೆ, ಇದನ್ನು ತಿಳಿದಿರಿ. ಅಲ್ಲಿಗೇ "ಇದೆಲ್ಲಾ ನಮಗಲ್ಲ" ಎಂದು ಬಿಡುವವರು ಬಹಳ. ಹೊಡೆಯುವುದು, ಕಚ್ಚುವುದು ಆದರೆ ಹಾಗೆ ಬಿಡಲಾಗದು. ಗೋಡೆ ಪಕ್ಕ ಒಂದು ಕಡೆ ಕೂರಿಸಿ, ವಯಸ್ಸಿಗೆ ಒಂದು ನಿಮಿಷದ ಲೆಕ್ಕ, ಐದು ವರ್ಷಕ್ಕೆ ಐದು ನಿಮಿಷ. ಕತ್ತಲೆ ಕೋಣೆಯಲ್ಲಿ ಕೂಡಿ ಹಾಕುವುದು ಚಿಕಿತ್ಸೆ ಅಲ್ಲ, ಹಿಂಸೆ.

ಇಲ್ಲೇ ಸಂಘಕ್ಕೂ ಒಂದು ಮಾತು. ವಾರದ ಸಭೆಯಲ್ಲಿ ಯಾರದೋ ಮಗು ಹಠ ಮಾಡಿದಾಗ ತಾಯಿ ಗಟ್ಟಿ ಮನಸ್ಸು ಮಾಡಿ ಸುಮ್ಮನಿರುತ್ತಾಳೆ. ಆಗ ಪಕ್ಕದವರು, "ಕೊಟ್ಬಿಡು ಮಾರಾಯ್ತಿ, ತಲೆನೋವು" ಎನ್ನುತ್ತಾರೆ. ತಾಯಿಯ ಒಂದು ವಾರದ ಕಷ್ಟ ಅಲ್ಲಿಗೆ ನೀರುಪಾಲು. ಮನೆಯಲ್ಲಿ ಅಜ್ಜಿಯೂ ಹಾಗೆ, ಅಪ್ಪನೂ ಹಾಗೆ. ತಾಯಿ ಇಲ್ಲ ಎಂದದ್ದನ್ನು ಇನ್ನೊಬ್ಬರು ಹೌದು ಎಂದರೆ ಈ ಚಿಕಿತ್ಸೆ ನಡೆಯುವುದಿಲ್ಲ. ಆದ್ದರಿಂದ ತರಬೇತಿಗೆ ತಾಯಿಯೊಬ್ಬಳನ್ನೇ ಕಳಿಸುವುದನ್ನು ನಾವು ಒಪ್ಪುವುದಿಲ್ಲ. ಒಂದು ದಿನದ ಕೂಲಿ ಹೋದರೂ ಅಪ್ಪ ಬರಲಿ.

ಶಾಲೆಯಲ್ಲಿ ಮೇಷ್ಟ್ರನ್ನು, ಟೀಚರನ್ನು ಕಂಡು ಮಾತಾಡಿ. ಮುಂದಿನ ಸಾಲಿನಲ್ಲಿ ಕೂರಿಸಿ, ಮಧ್ಯೆ ಮಧ್ಯೆ ಬೋರ್ಡು ಒರೆಸುವುದು, ಸೀಮೆಸುಣ್ಣ ತರುವುದು ಮುಂತಾದ ಎದ್ದು ಓಡಾಡುವ ಕೆಲಸ ಕೊಡಿ ಎಂದು ಕೇಳಿ. ದಿನಾ ಸಂಜೆ ಒಂದು ಚೀಟಿಯಲ್ಲಿ ಎರಡು ಗೀಟು ಹಾಕಿ ಕಳಿಸಿದರೆ ಮನೆಯ ಪಾಸ್‌ಬುಕ್ಕಿಗೆ ಅದನ್ನೂ ಸೇರಿಸಬಹುದು. "ಹೊಡೆದು ಬುದ್ಧಿ ಕಲಿಸಿ ಸಾರ್" ಎಂದು ಮಾತ್ರ ಹೇಳಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ಶಾಲೆಯಲ್ಲಿ ಮಗುವಿಗೆ ಹೊಡೆಯುವುದೂ, ಮನಸ್ಸಿಗೆ ನೋವಾಗುವಂತೆ ಹಿಂಸಿಸುವುದೂ ನಿಷೇಧ.

ಮಾತ್ರೆ ಬಗ್ಗೆ ಕೇಳುತ್ತೀರಿ. ಅಮೆರಿಕದಲ್ಲಿ 7ರಿಂದ 9 ವರ್ಷದ 579 ಮಕ್ಕಳನ್ನು 14 ತಿಂಗಳು ನೋಡಿ 1999ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಗಮನ ಮತ್ತು ಚಡಪಡಿಕೆಯ ವಿಷಯದಲ್ಲಿ, ಡಾಕ್ಟರ್ ಎಚ್ಚರಿಕೆಯಿಂದ ನೋಡಿಕೊಂಡು ಕೊಟ್ಟ ಔಷಧಿ ಬರೀ ವರ್ತನಾ ಚಿಕಿತ್ಸೆಗಿಂತ ಹೆಚ್ಚು ಕೆಲಸ ಮಾಡಿತು. ಎರಡೂ ಸೇರಿದ ಮಕ್ಕಳಲ್ಲಿ ಔಷಧಿಯ ಪ್ರಮಾಣ ಕಡಿಮೆ ಸಾಕಾಯಿತು, ಮನೆಯವರ ಜೊತೆಗಿನ ಸಂಬಂಧವೂ ಸುಧಾರಿಸಿತು. ಆದ್ದರಿಂದ ಆರು ವರ್ಷ ದಾಟಿದ ಮಗುವಿಗೆ ಡಾಕ್ಟರ್ ಮಾತ್ರೆ ಬರೆದರೆ ಹೆದರಿ ಬಿಸಾಡಬೇಡಿ. ಅದು ನಿದ್ದೆ ಮಾತ್ರೆಯಲ್ಲ. ಹಸಿವು ಕಮ್ಮಿಯಾಗಬಹುದು, ನಿದ್ದೆ ತಡವಾಗಬಹುದು, ಅದನ್ನು ಡಾಕ್ಟರಿಗೆ ಹೇಳಿ. ಆದರೆ "ನೆನಪಿನ ಶಕ್ತಿ ಟಾನಿಕ್" ಎಂದು ಯಾರಾದರೂ ಮಾರಲು ಬಂದರೆ ಅದಕ್ಕಾಗಿ ಸಂಘದಲ್ಲಿ ಸಾಲ ಎತ್ತಬೇಡಿ. ಮಗುವನ್ನು ತೋರಿಸಲು ಬಸ್ ಚಾರ್ಜಿಗೆ ಬೇಕಾದರೆ ಆಂತರಿಕ ಸಾಲ ಕೊಡಿ, ಅದಕ್ಕೆ ಠರಾವು ಬರೆಯಿರಿ.

ಎಲ್ಲಿ ತೋರಿಸಬೇಕು? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡಾಕ್ಟರರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎ.ಡಿ.ಎಚ್.ಡಿ. ಕೂಡ ಇದೆ. ತಂಡ ಬರುವ ದಿನ ಮಗುವನ್ನು ಶಾಲೆಗೆ ತಪ್ಪಿಸಬೇಡಿ, ನೀವೂ ಹೋಗಿ ಬಾಯಿಬಿಟ್ಟು ಹೇಳಿ. ಐದು ನಿಮಿಷದಲ್ಲಿ ಅವರಿಗೆ ಕಾಣುವುದಿಲ್ಲ, ಹೊಸಬರ ಮುಂದೆ ಈ ಮಕ್ಕಳು ಸುಮ್ಮನೆ ಕೂರುವುದೂ ಉಂಟು. ಸೊರಬದ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯರನ್ನು ಕೇಳಿ. ಹೆಚ್ಚಿನ ಪರೀಕ್ಷೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ.

ಹೋಗುವ ಮೊದಲು ಎರಡು ವಾರ ಒಂದು ಹಾಳೆಯಲ್ಲಿ ಬರೆದಿಡಿ: ಯಾವ ಹೊತ್ತಿಗೆ, ಏನು ಮಾಡಿದ, ಅದಕ್ಕೆ ಮುಂಚೆ ಏನಾಗಿತ್ತು, ಆಮೇಲೆ ನೀವೇನು ಮಾಡಿದಿರಿ. ಬರೆಯಲು ಬಾರದವರಿಗೆ ಸಂಘದ ಪುಸ್ತಕ ಬರೆಯುವವರು ಬರೆದುಕೊಡಲಿ. ಹೊರಗೆ ಯಾರಿಗೂ ಹೇಳದಿರಲಿ. ಗೆರೆ ಎಳೆದ ಹಾಳೆಗಳು ಬಾಗಿಲ ಹತ್ತಿರದ ಮೇಜಿನ ಮೇಲಿವೆ. ಬೇಕಾದವರು ತೆಗೆದುಕೊಳ್ಳಿ, ಪಕ್ಕದ ಮನೆಯವರಿಗೂ ಒಂದು ಒಯ್ಯಿರಿ.