ಗಣಕಯಂತ್ರವೂ ವಂಶವೃಕ್ಷವೂ

ವೈದ್ಯ ವಿದ್ಯಾರ್ಥಿಗಳಿಗೆ ಅನುವಂಶೀಯತೆಯನ್ನು ಬೋಧಿಸಲು ಕಂಪ್ಯೂಟರ್ ಲೇಸೋ, ಗುರುಮುಖವೋ ಎಂದು ನನ್ನನ್ನು ಆಗಾಗ ಕೇಳುವುದುಂಟು. ಥಲಸೇಮಿಯಾ ರೋಗವನ್ನೇ ತೆಗೆದುಕೊಳ್ಳೋಣ. ತಂದೆತಾಯಿಗಳಿಬ್ಬರೂ ಅದರ ವಾಹಕರಾಗಿದ್ದರೆ ಮಗುವಿಗೆ ರೋಗ ಬರುವ ಸಂಭವ 4ರಲ್ಲಿ 1. ಒಂದು ಮಗುವಿಗೆ ಬಂದಾಯಿತು, ಇನ್ನು ಮೂರು ಕ್ಷೇಮ ಎಂದು ನಂಬುವವರು ವಿದ್ಯಾರ್ಥಿಗಳಲ್ಲೂ ಇದ್ದಾರೆ. ಕರಿಹಲಗೆಯ ಮೇಲಿನ ನಾಲ್ಕು ಮನೆಯ ಚೌಕವೇ ಈ ಭ್ರಮೆಗೆ ಇಂಬು ಕೊಡುತ್ತದೆ. ಕಂಪ್ಯೂಟರಾದರೋ ಕ್ಷಣದಲ್ಲಿ ಸಾವಿರ ಕಲ್ಪಿತ ಕುಟುಂಬಗಳನ್ನು ಮುಂದಿಡುತ್ತದೆ: ಒಂದರಲ್ಲಿ ಯಾರಿಗೂ ರೋಗವಿಲ್ಲ, ಮತ್ತೊಂದರಲ್ಲಿ ಇಬ್ಬರು ಮಕ್ಕಳಿಗೂ ಉಂಟು. ಪ್ರತಿ ಬಸಿರಿಗೂ ಲೆಕ್ಕ ಹೊಸದೆಂಬುದು ಮನದಟ್ಟಾಗುತ್ತದೆ. ಇಲ್ಲಿ ಯಂತ್ರವೇ ಮೇಲು.

ಆದರೆ ವಂಶವೃಕ್ಷ ಬರೆಯುವುದು ಬೇರೆಯೇ ವಿದ್ಯೆ. “ರಕ್ತಸಂಬಂಧದಲ್ಲಿ ವಿವಾಹವೇ?” ಎಂಬ ಪುಸ್ತಕದ ಪ್ರಶ್ನೆಗೆ ನಮ್ಮ ಕಡೆಯ ತಾಯಿ “ಇಲ್ಲ” ಎಂದುಬಿಡಬಹುದು. “ನಿಮ್ಮತ್ತೆ ಯಾರಮ್ಮ?” ಎಂದು ಕೇಳಿ ನೋಡಿ. “ನಮ್ಮಜ್ಜಿಯೇ, ಸ್ವಾಮಿ.” ಅಂದರೆ ಸೋದರಮಾವನ ಕೈಹಿಡಿದವಳು! ಪಟದಲ್ಲಿ ಗಂಡಹೆಂಡಿರ ನಡುವೆ ಜೋಡಿಗೆರೆ ಬೀಳಬೇಕು. ಪೂರ್ವಜರೊಬ್ಬರ ಒಂದೇ ಜೀನು ಮಗುವಿಗೆ ಎರಡು ಕಡೆಯಿಂದಲೂ ಬರುವ ಸಂಭವ ಇಲ್ಲಿ 8ರಲ್ಲಿ 1. ಆ ಲೆಕ್ಕವನ್ನು ಯಂತ್ರವೂ ಹೇಳೀತು. ಗೆರೆಯನ್ನು ಕಂಡೊಡನೆ ಆಕೆ, “ಹಾಗಾದರೆ ತಪ್ಪು ನನ್ನದೇ?” ಎಂದು ಕೇಳುತ್ತಾಳೆ. ಹಿರಿಯ ವೈದ್ಯರು ಲೇಖನಿಯನ್ನು ಕೆಳಗಿಟ್ಟು ಅದಕ್ಕೆ ಉತ್ತರಿಸುವ ಬಗೆಯನ್ನು ವಿದ್ಯಾರ್ಥಿ ಪಕ್ಕದಲ್ಲಿ ಕುಳಿತೇ ಕಲಿಯಬೇಕು.